ಗಾಳಿಯಲ್ಲಿ ತೇಲುವ ರೇಸಿಂಗ್ ಆಟಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತೊಂಬತ್ತರ ದಶಕದಿಂದ ಈ ವಿಡಿಯೋ ಆಟಗಳ ಹಿಂದೆ ಬಿದ್ದಿದ್ದೇನೆ. ಈ ವಿಷಯ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಪ್ರತಿ ಸಲ ಹೊಸದಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೊದಲಿಂದ ಓದಲೇಬೇಕು ಅಂತೇನಿಲ್ಲ, ನಿಮಗೆ ಬೇಕಾದ್ದಕ್ಕೆ ನೇರ ಹೋಗಿ.

## ಹೊಸಬರು ಕೇಳುವುದು

ಫ್ಯೂಚರಿಸ್ಟಿಕ್ ರೇಸಿಂಗ್ ಅಂದ್ರೆ ಯಾವ ಆಟಗಳು? ಕಾರಿಗೆ ನಿಯಾನ್ ಲೈಟ್ ಹಚ್ಚಿದ್ರೆ ಸಾಕಾ?

ಸಾಕಾಗಲ್ಲ. ವಾಹನ ಮುಂದಿನ ಶತಮಾನದ್ದು ಅನ್ನುವುದಕ್ಕಿಂತ ಅದು ಓಡುವ ರೀತಿ ಮುಖ್ಯ. ಚಕ್ರ ಇಲ್ಲ, ನೆಲದ ಹಿಡಿತ ಇಲ್ಲ, ತಿರುಗಿಸಿದರೂ ಒಂದು ಕ್ಷಣ ಹಳೇ ದಿಕ್ಕಿಗೇ ಜಾರುತ್ತಾ ಹೋಗುತ್ತದೆ. ಟ್ರ್ಯಾಕ್ ಕೂಡ ರಸ್ತೆಯ ನಿಯಮ ಕೇಳುವುದಿಲ್ಲ. ಪೈಪಿನ ಹೊರಮೈ ಮೇಲೆ ಓಡಬಹುದು, ತಲೆಕೆಳಗಾಗಬಹುದು, ಮಧ್ಯದಲ್ಲಿ ರಸ್ತೆಯೇ ಇಲ್ಲದಿರಬಹುದು. ನಿಂಟೆಂಡೊದ ಎಫ್-ಝೀರೋ ಮತ್ತು ಸೋನಿಯ ವೈಪ್‌ಔಟ್ ಇದರ ಎರಡು ದೊಡ್ಡ ಮನೆತನಗಳು. ರೋಲ್‌ಕೇಜ್ ತರಹ ಚಕ್ರ ಇರುವ ಆಟಗಳೂ ಇವೆ, ಅದರಲ್ಲಿ ಚಕ್ರಗಳು ಕಾರಿಗಿಂತ ಎತ್ತರ, ಹಾಗಾಗಿ ಮಗುಚಿದರೂ ಓಡುತ್ತಲೇ ಇರುತ್ತದೆ. ಅದನ್ನೂ ನಾನು ಈ ಲೆಕ್ಕಕ್ಕೇ ಸೇರಿಸುತ್ತೇನೆ. ಶುದ್ಧವಾದಿಗಳು ಒಪ್ಪಲ್ಲ, ಬಿಡಿ.

ಇದು ಶುರುವಾಗಿದ್ದು ಎಫ್-ಝೀರೋದಿಂದನಾ?

ಅದಕ್ಕೂ ಮುಂಚೆ ಕೆಲವು ಇದ್ದವು. 1988ರಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ಪವರ್‌ಡ್ರೋಮ್ ಬಂತು, 1989ರಲ್ಲಿ ಆರ್ಕೇಡಿಗೆ ಸ್ಟನ್ ರನ್ನರ್ ಬಂತು. ಸ್ಟನ್ ರನ್ನರ್‌ನಲ್ಲಿ ಸುರಂಗದ ಗೋಡೆ ಹತ್ತಿ ಓಡಬಹುದಿತ್ತು, ಪಾಲಿಗನ್ ಗ್ರಾಫಿಕ್ಸ್‌ನಲ್ಲಿ. ಆದರೆ ಈ ಪ್ರಕಾರಕ್ಕೆ ಒಂದು ರೂಪ ಕೊಟ್ಟಿದ್ದು 1990ರ ನವೆಂಬರ್‌ನಲ್ಲಿ ಜಪಾನಿನಲ್ಲಿ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಕನ್ಸೋಲಿನ ಜೊತೆಗೇ ಬಂದ ಎಫ್-ಝೀರೋ. ನಾಲ್ಕು ಗಾಡಿ, ಹದಿನೈದು ಟ್ರ್ಯಾಕ್, ಗೋಡೆಗೆ ತಾಗಿದರೆ ಇಳಿಯುವ ಶಕ್ತಿ, ಅದನ್ನು ತುಂಬಿಸಿಕೊಳ್ಳಲು ಟ್ರ್ಯಾಕಿನ ನೆಲದಲ್ಲಿ ಒಂದು ಪಟ್ಟಿ, ಪ್ರತಿ ಸುತ್ತು ಮುಗಿದಾಗ ಒಂದು ಬೂಸ್ಟ್, ಅಂದರೆ ಒಂದು ಕ್ಷಣದ ಹೆಚ್ಚುವರಿ ವೇಗ. ಇವತ್ತು ಬರುವ ಆಟಗಳಲ್ಲೂ ಈ ಬೇರು ಕಾಣುತ್ತದೆ.

ಎಫ್-ಝೀರೋ, ವೈಪ್‌ಔಟ್, ಎರಡರಲ್ಲಿ ಯಾವುದು ಮೇಲು? ಸುತ್ತಿ ಬಳಸಿ ಹೇಳ್ಬೇಡಿ.

ಒಂದೇ ಆಟ ಅಂದರೆ ನನಗೆ ವೈಪ್‌ಔಟ್ 2097, ಆ ಸರಣಿಯ ಎರಡನೇ ಆಟ. ಕಾರಣ ಗಾಡಿಯ ತೂಕ. ಎಫ್-ಝೀರೋ ಗಾಡಿ ಚಾಕುವಿನ ಹಾಗೆ ಚೂಪು, ಹೇಳಿದ ಕಡೆ ತಕ್ಷಣ ತಿರುಗುತ್ತದೆ, ಮೂವತ್ತು ಗಾಡಿಗಳ ಗುಂಪಿನಲ್ಲಿ ನುಗ್ಗುವುದೇ ಅದರ ಮಜಾ. ವೈಪ್‌ಔಟ್ ಗಾಡಿಯನ್ನು ಒಲಿಸಿಕೊಳ್ಳಬೇಕು. ತಿರುವು ಬರುವ ಮುಂಚೆಯೇ ಮೂತಿ ತಿರುಗಿಸಿ, ಜಾರುವುದನ್ನು ಲೆಕ್ಕ ಹಾಕಿ, ಗೋಡೆ ತಾಗದ ಹಾಗೆ ತೇಲಿಸಿಕೊಂಡು ಹೋಗಬೇಕು. ಎರಡೂ ಗೊತ್ತಿರುವವರು ಸಾಮಾನ್ಯವಾಗಿ ತಾವು ಮೊದಲು ಆಡಿದ್ದನ್ನೇ ಮೇಲು ಅನ್ನುತ್ತಾರೆ. ನನ್ನ ವಿಷಯದಲ್ಲೂ ಅದು ಸ್ವಲ್ಪ ಇರಬಹುದು.

ಈಗ ಶುರು ಮಾಡ್ಬೇಕು ಅಂದ್ರೆ ಯಾವುದು ತಗೊಳ್ಳಲಿ?

ಪ್ಲೇಸ್ಟೇಷನ್ ಇದ್ದರೆ 2017ರ ವೈಪ್‌ಔಟ್ ಒಮೇಗಾ ಕಲೆಕ್ಷನ್. ಹಿಂದಿನ ವೈಪ್‌ಔಟ್‌ಗಳಾದ ಎಚ್‌ಡಿ, ಫ್ಯೂರಿ, 2048 ಮೂರನ್ನೂ ಸೇರಿಸಿ ಕೊಟ್ಟಿದ್ದಾರೆ. ಅದರಲ್ಲಿ ಪೈಲಟ್ ಅಸಿಸ್ಟ್ ಅಂತ ಒಂದು ಸೌಲಭ್ಯ ಇದೆ, ಗೋಡೆ ಹತ್ತಿರ ಬಂದಾಗ ಗಾಡಿಯನ್ನು ಮೆಲ್ಲಗೆ ಒಳಕ್ಕೆ ತಳ್ಳುತ್ತದೆ. ಮೊದಲ ವಾರ ಅದನ್ನು ಆನ್ ಇಟ್ಟುಕೊಳ್ಳಿ, ನಾಚಿಕೆ ಏನೂ ಬೇಡ. ಆಮೇಲೆ ತೆಗೆದುಬಿಡಿ, ಇಲ್ಲದಿದ್ದರೆ ಕೈ ಕಲಿಯುವುದಿಲ್ಲ. ನಿಂಟೆಂಡೊ ಸ್ವಿಚ್ ಇದ್ದರೆ ಫಾಸ್ಟ್ ಆರ್‌ಎಂಎಕ್ಸ್. ಕಂಪ್ಯೂಟರ್ ಇದ್ದರೆ ಬ್ಯಾಲಿಸ್ಟಿಕ್ ಎನ್‌ಜಿ, ಹಳೇ ವೈಪ್‌ಔಟ್‌ನ ನಡಿಗೆಯನ್ನು ಅಷ್ಟು ಚೆನ್ನಾಗಿ ಹಿಡಿದಿರುವ ಇನ್ನೊಂದು ಆಟ ನಾನು ನೋಡಿಲ್ಲ, ಜೊತೆಗೆ ಆಟಗಾರರೇ ಮಾಡಿದ ಟ್ರ್ಯಾಕುಗಳು ರಾಶಿ ಇವೆ.

1995ರ ಮೊದಲ ವೈಪ್‌ಔಟ್‌ನಿಂದ ಮಾತ್ರ ಶುರು ಮಾಡಬೇಡಿ. ಅದರಲ್ಲಿ ಗೋಡೆಗೆ ತಾಗಿದರೆ ಗಾಡಿ ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಇತಿಹಾಸದ ಮೇಲಿನ ಗೌರವ ಹತ್ತು ನಿಮಿಷದಲ್ಲಿ ಕರಗುತ್ತದೆ. 2097ರಲ್ಲಿ ಅದನ್ನು ಸರಿಮಾಡಿ, ಗೋಡೆಗೆ ಉಜ್ಜಿಕೊಂಡು ಮುಂದೆ ಹೋಗುವ ಹಾಗೆ ಮಾಡಿದರು.

ಪ್ರತಿ ತಿರುವಲ್ಲೂ ಗೋಡೆಗೆ ಗುದ್ದುತ್ತೀನಿ. ನನ್ನ ರಿಫ್ಲೆಕ್ಸ್ ಸರಿ ಇಲ್ವಾ? ವಯಸ್ಸಾಯ್ತಾ?

ಅತಿ ಜಾಸ್ತಿ ಬರುವ ಪ್ರಶ್ನೆ ಇದು. ವಯಸ್ಸಿಗೂ ಇದಕ್ಕೂ ಅಂಥ ಸಂಬಂಧ ಇಲ್ಲ. ಇವು ರಿಫ್ಲೆಕ್ಸ್ ಆಟಗಳಂತೆ ಕಾಣುತ್ತವೆ, ಆದರೆ ನಿಜದಲ್ಲಿ ನೆನಪಿನ ಆಟಗಳು.

ಒಂದು ಲೆಕ್ಕ ನೋಡಿ. ಗಂಟೆಗೆ 1000 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 278 ಮೀಟರ್. ಕಣ್ಣು ತಿರುವನ್ನು ನೋಡಿ, ಮೆದುಳು ಹೇಳಿ, ಬೆರಳು ಒತ್ತುವುದಕ್ಕೆ ಕಾಲು ಸೆಕೆಂಡ್ ಆದರೂ ಬೇಕು. ಅಷ್ಟರಲ್ಲಿ ಗಾಡಿ ಎಪ್ಪತ್ತು ಮೀಟರ್ ಮುಂದೆ ಹೋಗಿರುತ್ತದೆ. ಅಂದರೆ ತಿರುವನ್ನು ನೋಡಿ ತಿರುಗಿಸುವುದಕ್ಕೆ ಹೊರಟವರು ಯಾವ ವಯಸ್ಸಿನವರಾದರೂ ಗೋಡೆಗೇ ಹೋಗುತ್ತಾರೆ. ಚೆನ್ನಾಗಿ ಆಡುವವರು ತಿರುವು ಕಾಣುವ ಮುಂಚೆಯೇ ತಿರುಗಿಸಲು ಶುರು ಮಾಡಿರುತ್ತಾರೆ, ಯಾಕೆಂದರೆ ಅದು ಅಲ್ಲಿದೆ ಅಂತ ಕೈಗೆ ಗೊತ್ತಿರುತ್ತದೆ.

ಹಾಗಾಗಿ ಹೀಗೆ ಮಾಡಿ. ಒಂದೇ ಒಂದು ಟ್ರ್ಯಾಕ್ ಆರಿಸಿಕೊಳ್ಳಿ. ಅತಿ ನಿಧಾನದ ವೇಗದ ವರ್ಗದಲ್ಲಿ, ಎದುರಾಳಿಗಳಿಲ್ಲದೆ, ಟೈಮ್ ಟ್ರಯಲ್‌ನಲ್ಲಿ ಸುಮ್ನೆ ಸುತ್ತಿ. ಪ್ರತಿ ತಿರುವಿಗೂ ಒಂದು ಗುರುತು ಹುಡುಕಿ: ಒಂದು ಬೋರ್ಡ್, ಸುರಂಗದ ಬಾಯಿ, ನೆಲದ ಬಣ್ಣ ಬದಲಾಗುವ ಜಾಗ. "ಆ ಬೋರ್ಡ್ ದಾಟಿದ ತಕ್ಷಣ ಎಡ" ಅನ್ನುವ ಹಾಗೆ ಬಾಯಲ್ಲಿ ಹೇಳಿಕೊಂಡು ಆಡಿದರೂ ತಪ್ಪಿಲ್ಲ. ಯೋಚಿಸದೆ ಸುತ್ತು ಮುಗಿಯುವ ಹಾಗಾದಾಗ ಒಂದು ವರ್ಗ ಮೇಲೆ ಹೋಗಿ. ಹತ್ತು ಟ್ರ್ಯಾಕನ್ನು ಅರ್ಧಂಬರ್ಧ ಆಡುವುದಕ್ಕಿಂತ ಇದು ಬೇಗ ಕೂರುತ್ತದೆ.

ಏರ್‌ಬ್ರೇಕ್ ಅಂದ್ರೆ ಬ್ರೇಕೇ ಅಲ್ವಾ? ಒತ್ತಿದ್ರೆ ಸ್ಲೋ ಆಗಲ್ವಾ?

ಗಾಡಿಗೆ ಎಡಕ್ಕೊಂದು, ಬಲಕ್ಕೊಂದು ಏರ್‌ಬ್ರೇಕ್ ಇರುತ್ತದೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅದು ಬ್ರೇಕ್. ಒಂದನ್ನೇ ಒತ್ತಿದರೆ ಆ ಕಡೆ ಗಾಳಿಯ ತಡೆ ಹೆಚ್ಚಾಗಿ ಮೂತಿ ಆ ಕಡೆಗೆ ಎಳೆಯುತ್ತದೆ. ಬಲಕ್ಕೆ ಒಂದು ಕಡಿದಾದ ತಿರುವು ಬರುತ್ತಿದೆ ಅಂದುಕೊಳ್ಳಿ. ಟ್ರ್ಯಾಕಿನ ಎಡಬದಿಯಿಂದ ಬನ್ನಿ. ತಿರುವಿಗೆ ಸ್ವಲ್ಪ ಮುಂಚೆ ಸ್ಟಿಕ್ ಬಲಕ್ಕೆ, ಆಮೇಲೆ ಬಲ ಏರ್‌ಬ್ರೇಕ್ ಮೆಲ್ಲಗೆ. ಮೂತಿ ಒಳಗೋಡೆಯ ಕಡೆ ತಿರುಗುತ್ತದೆ, ಆದರೆ ಗಾಡಿ ಇನ್ನೂ ನೇರಕ್ಕೇ ಜಾರುತ್ತಿರುತ್ತದೆ. ಹೊಸಬರು ಇಲ್ಲಿ ಗಾಬರಿಯಾಗಿ ಇನ್ನೂ ಜೋರಾಗಿ ಒತ್ತುತ್ತಾರೆ, ಮೂತಿ ಜಾಸ್ತಿ ತಿರುಗಿ ಒಳಗೋಡೆಗೇ ಹೊಡೆಯುತ್ತಾರೆ. ತಿರುವಿನ ಮಧ್ಯ ಬರುವ ಮುಂಚೆಯೇ ಏರ್‌ಬ್ರೇಕ್ ಬಿಟ್ಟುಬಿಡಿ, ಉಳಿದ ತಿರುವನ್ನು ಆ ಜಾರುವಿಕೆಯೇ ಮುಗಿಸಿಕೊಡುತ್ತದೆ. ಆಕ್ಸಿಲರೇಟರ್ ಪೂರ್ತಿ ಬಿಡುವ ಅಗತ್ಯ ಹೆಚ್ಚಿನ ತಿರುವುಗಳಲ್ಲಿ ಬರುವುದೇ ಇಲ್ಲ.

ವೈಪ್‌ಔಟ್ ಹಾಡುಗಳ ಬಗ್ಗೆ ಎಲ್ರೂ ಯಾಕೆ ಅಷ್ಟು ಮಾತಾಡ್ತಾರೆ?

1995ರಲ್ಲಿ ಆಟದ ಸಂಗೀತ ಅಂದರೆ ಮಕ್ಕಳ ಆಟಿಕೆಯ ಸದ್ದು ಅಂತ ಹೊರಗಿನವರು ಅಂದುಕೊಂಡಿದ್ದ ಕಾಲ. ಲಿವರ್‌ಪೂಲಿನ ಸಿಗ್ನೋಸಿಸ್ ಕಂಪನಿ ಆ ಹೊತ್ತಿನ ಬ್ರಿಟಿಷ್ ಕ್ಲಬ್ ಸಂಗೀತವನ್ನೇ ಸಿ.ಡಿ.ಗೆ ತಂದು ಹಾಕಿತು. ಯುರೋಪಿನ ಆವೃತ್ತಿಯಲ್ಲಿ ಲೆಫ್ಟ್‌ಫೀಲ್ಡ್, ಆರ್ಬಿಟಲ್, ಕೆಮಿಕಲ್ ಬ್ರದರ್ಸ್ ಇದ್ದರು. ಉಳಿದ ಹೆಚ್ಚಿನ ಸಂಗೀತ ಕೋಲ್ಡ್ ಸ್ಟೋರೇಜ್ ಅನ್ನುವ ಹೆಸರಿನಲ್ಲಿ ಟಿಮ್ ರೈಟ್ ಮಾಡಿದ್ದು. 2097ಕ್ಕೆ ಪ್ರಾಡಿಜಿ, ಅಂಡರ್‌ವರ್ಲ್ಡ್, ಫ್ಯೂಚರ್ ಸೌಂಡ್ ಆಫ್ ಲಂಡನ್ ಬಂದರು. ಶೆಫೀಲ್ಡಿನ ಡಿಸೈನರ್ಸ್ ರಿಪಬ್ಲಿಕ್ ಎಂಬ ವಿನ್ಯಾಸ ಸಂಸ್ಥೆ ತಂಡಗಳ ಲೋಗೋ, ಅಕ್ಷರ, ಪೆಟ್ಟಿಗೆ ಎಲ್ಲಕ್ಕೂ ಒಂದು ಚಹರೆ ಕೊಟ್ಟಿತು. ಆಡದೇ ಇದ್ದವರಿಗೂ ಆ ಪೋಸ್ಟರ್ ಬೇಕಿತ್ತು.

ಇದರಲ್ಲಿ ಆಟಕ್ಕೆ ಸಂಬಂಧಪಟ್ಟ ಮಾತೂ ಇದೆ. ಒಂದೇ ಲಯದ ಸಂಗೀತ ನಡೆಯುತ್ತಿದ್ದರೆ ಟ್ರ್ಯಾಕನ್ನು ಕಲಿಯುವುದು ಸುಲಭ. ಒಂದೇ ಹಾಡು ಹಾಕಿಕೊಂಡು ಒಂದೇ ಟ್ರ್ಯಾಕ್ ಅಭ್ಯಾಸ ಮಾಡಿ ನೋಡಿ, ಬೀಟ್‌ಗೆ ತಿರುವು ಅಂಟಿಕೊಳ್ಳುತ್ತದೆ.

ಗನ್ನು, ಮಿಸೈಲು ಎಲ್ಲ ಬೇಕಾ ರೇಸಲ್ಲಿ?

ನನಗೆ ಬೇಡ, ನಾನು ಆಫ್ ಮಾಡಿಯೇ ಆಡುತ್ತೇನೆ. ಆದರೆ ಟ್ರ್ಯಾಕನ್ನೇ ಅಲೆಯ ಹಾಗೆ ಎಬ್ಬಿಸಿಕೊಂಡು ಮುಂದಿನವರನ್ನೆಲ್ಲ ಹೊಡೆದುಕೊಂಡು ಹೋಗುವ ವೈಪ್‌ಔಟ್‌ನ ಕ್ವೇಕ್ ಮಾತ್ರ ಒಂದು ಸಲ ಆದರೂ ಹಾರಿಸಬೇಕು.

## ಸ್ವಲ್ಪ ಆಡಿದವರು ಕೇಳುವುದು

ಮೀಟರಲ್ಲಿ ಸಾವಿರ ತೋರಿಸುತ್ತೆ, ಆದ್ರೂ ಕೆಲವು ಆಟ ನಿಧಾನ ಅನ್ಸುತ್ತೆ. ಯಾಕೆ?

ಮೀಟರಿನ ಸಂಖ್ಯೆ ಬರೀ ಬಣ್ಣ. ವೇಗ ಅನ್ನುವುದು ಕಣ್ಣಿನ ಅಂಚಿನಲ್ಲಿ ಹುಟ್ಟುತ್ತದೆ. ಟ್ರ್ಯಾಕ್ ಕಿರಿದಾಗಿದ್ದು ಪಕ್ಕದಲ್ಲಿ ಕಂಬ, ಗೋಡೆ, ದೀಪ ಹತ್ತಿರದಿಂದ ಹಾದುಹೋದರೆ ವೇಗ ಅನಿಸುತ್ತದೆ. ಅದೇ ವೇಗದಲ್ಲಿ ಬಟಾಬಯಲಿನ ಅಗಲ ರಸ್ತೆಯಲ್ಲಿ ಬಿಟ್ಟರೆ ಏನೂ ಅನಿಸುವುದಿಲ್ಲ. ಕ್ಯಾಮೆರಾ ನೆಲಕ್ಕೆ ಹತ್ತಿರ ಇರಬೇಕು, ನೋಟದ ಕೋನ ಅಗಲವಾಗಿರಬೇಕು.

ಇನ್ನೊಂದು ಫ್ರೇಮ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಚಿತ್ರ ತೋರಿಸುತ್ತದೆ ಅನ್ನುವುದು. ಗಂಟೆಗೆ 1000 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 60 ಫ್ರೇಮ್ ಇದ್ದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಗಾಡಿ 4.6 ಮೀಟರ್ ಹಾರಿರುತ್ತದೆ. 30 ಇದ್ದರೆ 9 ಮೀಟರಿಗೂ ಜಾಸ್ತಿ. ಆಗ ಕಣ್ಣು ಚಲನೆಯನ್ನು ಜೋಡಿಸಿಕೊಳ್ಳುವುದಿಲ್ಲ, ಬಿಡಿಬಿಡಿ ಚಿತ್ರ ನೋಡುತ್ತದೆ. ಅದಕ್ಕೇ 1998ರ ಎಫ್-ಝೀರೋ ಎಕ್ಸ್ ಮಾಡಿದವರು ನಿಂಟೆಂಡೊ 64ರಂಥ ಯಂತ್ರದಲ್ಲಿ 30 ಗಾಡಿ, 60 ಫ್ರೇಮ್ ಬೇಕೇ ಬೇಕು ಅಂತ ಹಟ ಹಿಡಿದು, ಟ್ರ್ಯಾಕಿನ ಸುತ್ತ ಇದ್ದ ಅಲಂಕಾರವನ್ನೆಲ್ಲ ಕಿತ್ತುಹಾಕಿದರು. ಫೋಟೋದಲ್ಲಿ ಬೋಳು ಬೋಳು, ಆಡಲು ಕೂತರೆ ಉಸಿರು ಕಟ್ಟುತ್ತದೆ. 2008ರ ವೈಪ್‌ಔಟ್ ಎಚ್‌ಡಿ ಇನ್ನೊಂದು ದಾರಿ ಹಿಡಿಯಿತು. ದೃಶ್ಯ ಭಾರವಾದಾಗ ಫ್ರೇಮ್ ಇಳಿಸುವ ಬದಲು ಚಿತ್ರದ ಅಗಲದ ಪಿಕ್ಸೆಲ್‌ಗಳನ್ನು ಆ ಕ್ಷಣಕ್ಕೆ ಕಡಿಮೆ ಮಾಡುತ್ತಿತ್ತು. ಆಡುವಾಗ ಗೊತ್ತೇ ಆಗುವುದಿಲ್ಲ.

ಹಾಗೇ ನಿಮ್ಮ ಟಿ.ವಿ.ಯಲ್ಲಿ ಗೇಮ್ ಮೋಡ್ ಆನ್ ಇದೆಯಾ ನೋಡಿ. ಟಿ.ವಿ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತಡಮಾಡಿದರೂ ಈ ವೇಗದಲ್ಲಿ 28 ಮೀಟರ್ ಕಳೆದುಕೊಂಡಿರಿ.

1990ರಲ್ಲಿ 3ಡಿ ಚಿಪ್ ಇರ್ಲಿಲ್ಲ. ಎಫ್-ಝೀರೋ ಹೇಗೆ ಓಡಿಸಿದ್ರು?

ಮೋಡ್ 7 ಅನ್ನುವ ತಂತ್ರ. ಇಡೀ ಟ್ರ್ಯಾಕ್ ಒಂದು ಚಪ್ಪಟೆ ಚಿತ್ರ. ಕನ್ಸೋಲಿನ ಗ್ರಾಫಿಕ್ಸ್ ಚಿಪ್ ಅದನ್ನು ತಿರುಗಿಸಬಲ್ಲದು, ಹಿಗ್ಗಿಸಿ ಕುಗ್ಗಿಸಬಲ್ಲದು. ಟಿ.ವಿ. ಪರದೆಯ ಒಂದೊಂದು ಅಡ್ಡಗೆರೆಗೂ ಬೇರೆ ಬೇರೆ ಅಳತೆ ಕೊಟ್ಟರೆ, ಮೇಲಿನ ಗೆರೆ ಚಿಕ್ಕದು, ಕೆಳಗಿನದು ದೊಡ್ಡದು, ಚಪ್ಪಟೆ ಚಿತ್ರ ದೂರಕ್ಕೆ ಹಾಸಿದ ನೆಲದ ಹಾಗೆ ಕಾಣುತ್ತದೆ. ಅದಕ್ಕೇ ಆ ಆಟದಲ್ಲಿ ಏರು ಇಳಿಜಾರು ಯಾವುದೂ ಇಲ್ಲ. ಗಾಡಿಗಳು ಸ್ಪ್ರೈಟ್ ಅನ್ನುವ ಬೇರೆ ಬಿಡಿ ಚಿತ್ರಗಳು, ಆ ನೆಲದ ಮೇಲೆ ಅಂಟಿಸಿದ್ದು.

ಬೂಸ್ಟ್ ಯಾವಾಗ ಒತ್ತಬೇಕು? ನಾನು ಸಿಕ್ಕಿದ ತಕ್ಷಣ ಒತ್ತಿಬಿಡ್ತೀನಿ.

ಎಫ್-ಝೀರೋ ಎಕ್ಸ್ ಮತ್ತು ಜಿಎಕ್ಸ್‌ನಲ್ಲಿ ಎರಡನೇ ಸುತ್ತಿನಿಂದ ಬೂಸ್ಟ್ ಸಿಗುತ್ತದೆ, ಅದಕ್ಕೆ ಖರ್ಚಾಗುವುದು ನಿಮ್ಮ ಜೀವದ ಪಟ್ಟಿಯೇ. ಹಾಗಾಗಿ ಟ್ರ್ಯಾಕಿನಲ್ಲಿ ಶಕ್ತಿ ತುಂಬುವ ಪಟ್ಟಿ ಎಲ್ಲಿದೆ ಅನ್ನುವುದೇ ಲೆಕ್ಕದ ಆರಂಭ. ಅದಕ್ಕೆ ಮುಂಚಿನ ಭಾಗದಲ್ಲಿ ಧಾರಾಳವಾಗಿ ಖರ್ಚು ಮಾಡಿ, ಬರಿಗೈಯಲ್ಲಿ ಅಲ್ಲಿಗೆ ತಲುಪಿ ತುಂಬಿಸಿಕೊಳ್ಳಿ. ಜೀವದ ಪಟ್ಟಿ ಪೂರ್ತಿ ಇಟ್ಟುಕೊಂಡೇ ಕೊನೆಯ ಗೆರೆ ದಾಟಿದರೆ ಆ ಶಕ್ತಿ ದಂಡ. ತಿರುವಿನ ಮುಂಚೆ ಒತ್ತಬೇಡಿ, ತಿರುವಿನಿಂದ ಹೊರಬರುವಾಗ ಒತ್ತಿ. ಏರಿನಲ್ಲಿ ಒತ್ತುವುದು ಇಳಿಜಾರಿಗಿಂತ ಲಾಭ.

ಫಾಸ್ಟ್ ಆರ್‌ಎಂಎಕ್ಸ್ ಬೇರೆ ಕಥೆ. ಅಲ್ಲಿ ನೆಲದ ಪಟ್ಟಿಗಳು ನೀಲಿ ಇಲ್ಲವೇ ಕಿತ್ತಳೆ, ನಿಮ್ಮ ಗಾಡಿಯ ಬಣ್ಣವನ್ನೂ ಅದಕ್ಕೆ ಸರಿಯಾಗಿ ಬದಲಾಯಿಸಬೇಕು. ಬಣ್ಣ ತಪ್ಪಿದರೆ ಬೂಸ್ಟ್ ಬದಲು ಬ್ರೇಕ್ ಬೀಳುತ್ತದೆ.

ಎಫ್-ಝೀರೋ ಜಿಎಕ್ಸ್ ಅಷ್ಟೊಂದು ಕಷ್ಟ ಅಂತಾರಲ್ಲ, ನಿಜಾನಾ?

ನಿಜ. 2003ರಲ್ಲಿ ಗೇಮ್‌ಕ್ಯೂಬ್‌ಗೆ ಬಂದ ಇದನ್ನು ಮಾಡಿದ್ದು ನಿಂಟೆಂಡೊ ಅಲ್ಲ, ಸೆಗಾದ ಅಮ್ಯೂಸ್‌ಮೆಂಟ್ ವಿಷನ್. ಆರ್ಕೇಡಿನವರ ಕೈ. ಒಂದು ನಾಣ್ಯಕ್ಕೆ ಎಷ್ಟು ಹೊತ್ತು ಕರುಣೆ ತೋರಿಸಬೇಕು ಅನ್ನುವ ಮನಸ್ಸು ಅದರಲ್ಲಿ ಕಾಣುತ್ತದೆ. ಕಥೆಯ ಮೋಡ್‌ನ ಎರಡನೇ ಅಧ್ಯಾಯದಲ್ಲಿ, ಬಂಡೆ ಉರುಳುವ ಕಣಿವೆಯಲ್ಲಿ ಸಮುರಾಯ್ ಗೋರೋನನ್ನು ಸೋಲಿಸಬೇಕು. ಅಲ್ಲೇ ಕೈಬಿಟ್ಟವರು ಬಹಳ. ಕಥೆಯನ್ನು ಪಕ್ಕಕ್ಕಿಟ್ಟು ಮೊದಲು ಗ್ರ್ಯಾನ್ ಪ್ರಿ ಆಡಿ. ರೇಸಿಗೆ ಮುಂಚೆ ಆಕ್ಸಿಲರೇಷನ್ ಮತ್ತು ಗರಿಷ್ಠ ವೇಗದ ನಡುವೆ ಒಂದು ಸ್ಲೈಡರ್ ಬರುತ್ತದಲ್ಲ, ಅದನ್ನು ಮುಟ್ಟದೇ ಹೋಗುವವರೇ ಜಾಸ್ತಿ. ತಿರುವು ಜಾಸ್ತಿ ಇರುವ ಟ್ರ್ಯಾಕಿಗೆ ಆಕ್ಸಿಲರೇಷನ್ ಕಡೆ ತಳ್ಳಿ.

ಆಡ್ತಾ ಆಡ್ತಾ ತಲೆ ಸುತ್ತುತ್ತೆ. ವಿಆರ್ ಬೇರೆ ಟ್ರೈ ಮಾಡ್ಬೇಕು ಅಂತಿದೀನಿ...

ತಲೆ ಸುತ್ತಿದ ಕೂಡಲೇ ನಿಲ್ಲಿಸಿ, ತಡೆದುಕೊಂಡು ಆಡಿದರೆ ಅಭ್ಯಾಸ ಆಗುತ್ತದೆ ಅನ್ನುವುದು ಸುಳ್ಳು. ಕೋಣೆಯ ದೀಪ ಹಾಕಿ, ಪರದೆಯಿಂದ ಹಿಂದೆ ಕೂತು, ಮೋಷನ್ ಬ್ಲರ್ ಮತ್ತು ಕ್ಯಾಮೆರಾ ಅಲುಗಾಟ ಆಫ್ ಮಾಡಿ. ವೈಪ್‌ಔಟ್ ಒಮೇಗಾಗೆ 2018ರಲ್ಲಿ ವಿಆರ್ ಸೌಲಭ್ಯ ಪುಕ್ಕಟೆಯಾಗಿ ಬಂತು, ಕಾಕ್‌ಪಿಟ್ ಒಳಗೆ ಕೂತು ಆಡುವುದು ಅದ್ಭುತ, ಆದರೆ ಈಗಾಗಲೇ ತಲೆ ಸುತ್ತುವವರು ಅತಿ ನಿಧಾನದ ವರ್ಗದಿಂದಲೇ ಶುರು ಮಾಡಿ. ಮಿನುಗುವ ಬೆಳಕಿಗೆ ಫಿಟ್ಸ್ ಬರುವ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಆಟಗಳನ್ನು ಮುಟ್ಟಬೇಡಿ.

## ಹಳೇ ಕೈಗಳು ಕೇಳುವುದು

ಸ್ನೇಕಿಂಗ್ ಮೋಸ ಅಲ್ವಾ?

ಗೊತ್ತಿಲ್ಲದವರಿಗೆ: ಜಿಎಕ್ಸ್‌ನಲ್ಲಿ ನೇರ ದಾರಿಯಲ್ಲೂ ಎಡ ಬಲ ಡ್ರಿಫ್ಟ್ ಮಾಡುತ್ತಾ ಹಾವಿನ ಹಾಗೆ ಹೋದರೆ, ಕೆಲವು ಗಾಡಿಗಳಲ್ಲಿ ಆಕ್ಸಿಲರೇಷನ್ ಪೂರ್ತಿ ಇಟ್ಟಾಗ, ವೇಗ ಏರುತ್ತಲೇ ಹೋಗುತ್ತದೆ. ನಾನು ಇದನ್ನು ಮೋಸ ಅನ್ನುವುದಿಲ್ಲ. ಆ ವೇಗದಲ್ಲಿ ಲಯ ತಪ್ಪದೆ ಮೂರು ಸುತ್ತು ಹಾವಾಡಿಸುವುದು ಹುಡುಗಾಟ ಅಲ್ಲ. ಆದರೆ ಅದು ಬೇರೆಯೇ ಆಟ. ಟ್ರ್ಯಾಕ್ ಮಾಡಿದವರು ಕೂತು ಯೋಚಿಸಿದ ತಿರುವುಗಳಿಗೆ ಅದರಲ್ಲಿ ಬೆಲೆಯೇ ಇಲ್ಲ. ದಾಖಲೆಗಳ ಪಟ್ಟಿ ಮಾಡುವಾಗ ಎರಡನ್ನೂ ಬೇರೆ ಬೇರೆ ಇಟ್ಟರೆ ಜಗಳವೇ ಇರುವುದಿಲ್ಲ.

ರೆಡ್‌ಔಟ್‌ನಲ್ಲಿ ಏರು ಬಂದಾಗೆಲ್ಲ ವೇಗ ಬಿದ್ದುಹೋಗುತ್ತೆ. ಗಾಡಿ ಬದಲಾಯಿಸ್ಲಾ?

ಗಾಡಿ ಇರಲಿ, ಬಲಗೈ ಸ್ಟಿಕ್ ನೋಡಿ. ಇಟಲಿಯ ಟ್ಯೂರಿನ್‌ನ 34ಬಿಗ್‌ಥಿಂಗ್ಸ್ ಮಾಡಿದ ಈ ಆಟದಲ್ಲಿ ಎಡ ಸ್ಟಿಕ್ ತಿರುಗಿಸುತ್ತದೆ, ಬಲ ಸ್ಟಿಕ್ ಗಾಡಿಯನ್ನು ಪಕ್ಕಕ್ಕೆ ಸರಿಸುತ್ತದೆ ಮತ್ತು ಮೂತಿ ಎತ್ತಿಳಿಸುತ್ತದೆ. ಏರು ಶುರುವಾಗುವಾಗ ಮೂತಿ ಎತ್ತದಿದ್ದರೆ ಹೊಟ್ಟೆ ನೆಲಕ್ಕೆ ಉಜ್ಜುತ್ತದೆ, ವೇಗ ಹೋಗುವುದು ಅಲ್ಲೇ. ಗುಡ್ಡದ ತುದಿ ದಾಟುವಾಗ ಮೂತಿ ಇಳಿಸಿ. ತಿರುವಿನಲ್ಲಿ ತಿರುಗಿಸುವ ಕಡೆಗೇ ಪಕ್ಕಕ್ಕೂ ಸರಿಸಿದರೆ ಜಾರುವುದು ಕಡಿಮೆಯಾಗುತ್ತದೆ. ಕೈಗೆ ಕೂರಲು ಸಮಯ ಹಿಡಿಯುತ್ತದೆ, ಕೂತ ಮೇಲೆ ಬೇರೆ ಆಟಗಳಲ್ಲಿ ಬಲಗೈ ಖಾಲಿ ಖಾಲಿ ಅನಿಸುತ್ತದೆ.

ಝೋನ್ ಮೋಡ್‌ನಲ್ಲಿ ಒಂದು ಹಂತ ದಾಟಿದ್ಮೇಲೆ ಏನೂ ಕಾಣಲ್ಲ. ಮುಂದೆ ಹೋಗೋದು ಹೇಗೆ?

ವೈಪ್‌ಔಟ್‌ನ ಝೋನ್‌ನಲ್ಲಿ ಆಕ್ಸಿಲರೇಟರ್ ನಿಮ್ಮ ಕೈಯಲ್ಲಿಲ್ಲ. ವೇಗ ತಾನಾಗಿ ಏರುತ್ತಲೇ ಇರುತ್ತದೆ, ಶೀಲ್ಡ್, ಅಂದರೆ ಗಾಡಿಯ ಜೀವ, ಮುಗಿಯುವವರೆಗೆ ತಿರುಗಿಸುವುದಷ್ಟೇ ಕೆಲಸ. ಅಲ್ಲಿ ಗಾಡಿಯನ್ನು ನೋಡಬೇಡಿ, ಟ್ರ್ಯಾಕ್ ಮಾಯವಾಗುವ ದೂರದ ಬಿಂದುವನ್ನು ನೋಡಿ. ಗಾಡಿ ಕಣ್ಣಂಚಿನಲ್ಲಿ ಇದ್ದರೆ ಸಾಕು. ಯಾವಾಗಲೂ ಮಧ್ಯಕ್ಕೆ ವಾಪಸ್ ಬನ್ನಿ, ರೇಸಿನ ಹಾಗೆ ಒಳಗೋಡೆ ಕತ್ತರಿಸುವ ಆಸೆ ಬಿಡಿ. ನನಗೆ ಈ ಪ್ರಕಾರದ ಸಾರ ಅಂದರೆ ಇದೇ ಮೋಡ್. ಎದುರಾಳಿ ಇಲ್ಲ, ಆಯುಧ ಇಲ್ಲ, ಟ್ರ್ಯಾಕ್ ಎಷ್ಟು ಗೊತ್ತಿದೆ ಅನ್ನುವುದೊಂದೇ ಪರೀಕ್ಷೆ.

ಇಷ್ಟು ಚೆನ್ನಾಗಿದ್ದ ಮೇಲೆ ಯಾಕೆ ನಿಂತುಹೋಯ್ತು?

ಪೂರ್ತಿ ನಿಂತಿಲ್ಲ, ದೊಡ್ಡವರು ಕೈಬಿಟ್ಟರು. ಸ್ಟುಡಿಯೋ ಲಿವರ್‌ಪೂಲ್ ಅಂತ ಹೆಸರು ಬದಲಿಸಿಕೊಂಡಿದ್ದ ಸಿಗ್ನೋಸಿಸ್ ಅನ್ನು ಸೋನಿ 2012ರ ಆಗಸ್ಟ್‌ನಲ್ಲಿ ಮುಚ್ಚಿತು, ಕೈಯಲ್ಲಿ ಹಿಡಿದು ಆಡುವ ಸೋನಿ ವೀಟಾಗೆ ವೈಪ್‌ಔಟ್ 2048 ಬಂದ ವರ್ಷವೇ. ಎಫ್-ಝೀರೋ ಸರಣಿ 2004ರ ಎಫ್-ಝೀರೋ ಕ್ಲೈಮ್ಯಾಕ್ಸ್ ಅನ್ನುವ ಆಟ ಆದಮೇಲೆ 19 ವರ್ಷ ಮಲಗಿತ್ತು, 2023ರ ಸೆಪ್ಟೆಂಬರ್‌ನಲ್ಲಿ ಎಫ್-ಝೀರೋ 99 ಬಂತು, ಅದೂ ಹಳೇ ಮೊದಲ ಆಟದ ಟ್ರ್ಯಾಕುಗಳ ಮೇಲೆ 99 ಜನರನ್ನು ಬಿಟ್ಟು.

ನನ್ನ ಪ್ರಕಾರ ಕಾರಣ ಸರಳ. ಈ ಆಟಗಳು ಮೊದಲ ಒಂದು ಗಂಟೆ ಆಟಗಾರನಿಗೆ ಅವಮಾನ ಮಾಡುತ್ತವೆ. ನಿಜವಾದ ಕಾರಿನ ಆಟದಲ್ಲಿ ಬ್ರೇಕ್ ಎಲ್ಲಿ ಹಿಡಿಯಬೇಕು ಅಂತ ಅಂದಾಜಾದರೂ ಇರುತ್ತದೆ, ಕಾರಿನ ಹೆಸರು ನೋಡಿಯೇ ಕೊಳ್ಳುವವರು ಇರುತ್ತಾರೆ. ಇಲ್ಲಿ ಅದ್ಯಾವುದೂ ಇಲ್ಲ. ಟ್ರ್ಯಾಕ್ ಕಲಿತ ಮೇಲೆಯೇ ಸುಖ, ಅಲ್ಲಿವರೆಗೆ ಕಾಯುವವರು ಕಡಿಮೆ. ಆ ಕಷ್ಟವನ್ನು ತೆಗೆದುಹಾಕಿ ಎಂದು ಕೇಳುವವರ ಜೊತೆ ನಾನಿಲ್ಲ, ಅದನ್ನು ತೆಗೆದರೆ ಉಳಿಯುವುದು ಬರೀ ಬೆಳಕು.

ಈಗ ಇದನ್ನು ನಡೆಸುತ್ತಿರುವುದು ಸಣ್ಣ ತಂಡಗಳು. ಫಾಸ್ಟ್ ಆರ್‌ಎಂಎಕ್ಸ್ ಮಾಡಿದ ಶಿನ್‌ಎನ್ 2025ರಲ್ಲಿ ಸ್ವಿಚ್ 2 ಜೊತೆಗೇ ಫಾಸ್ಟ್ ಫ್ಯೂಷನ್ ತಂದಿತು. ಅದೇ ಹೊತ್ತಿಗೆ ಜಿಎಕ್ಸ್ ಕೂಡ ನಿಂಟೆಂಡೊದ ಆನ್‌ಲೈನ್ ಸಂಗ್ರಹಕ್ಕೆ ವಾಪಸ್ ಬಂತು.

ಗೋಸ್ಟ್ ಹಾಕ್ಕೊಂಡು ಆಡ್ತಿದೀನಿ, ಟೈಮ್ ಇಳೀತಾನೇ ಇಲ್ಲ. ಇನ್ನೇನು ಮಾಡ್ಲಿ?

ಮೊದಲು ಗೋಸ್ಟ್, ಅಂದರೆ ಹಿಂದೆ ಆಡಿದ ಸುತ್ತನ್ನು ತೋರಿಸುವ ನೆರಳು ಗಾಡಿ, ಆಫ್ ಮಾಡಿ. ಅದು ಮುಂದೆ ಇದ್ದರೆ ಕಣ್ಣು ಅದರ ಬಾಲಕ್ಕೆ ಅಂಟುತ್ತದೆ, ನಿಮ್ಮ ಗುರುತುಗಳು ತಪ್ಪುತ್ತವೆ. ನಿಮಗಿಂತ ಸ್ವಲ್ಪವೇ ಚೆನ್ನಾಗಿ ಆಡುವವರ ರಿಪ್ಲೇ ನೋಡಿ, ವಿಶ್ವದಾಖಲೆಯದ್ದು ಬೇಡ, ಅದರಿಂದ ಕಲಿಯುವುದು ಕಷ್ಟ. ಉದ್ದದ ನೇರ ದಾರಿಗೆ ಮುಂಚಿನ ತಿರುವನ್ನು ಮೊದಲು ಸರಿಮಾಡಿ. ಅಲ್ಲಿ ಹೊರಬರುವಾಗ ಸಿಕ್ಕ ವೇಗ ಇಡೀ ನೇರ ದಾರಿಗೆ ಉಳಿಯುತ್ತದೆ, ಬೇರೆ ತಿರುವುಗಳಲ್ಲಿ ಉಳಿಸಿದ್ದು ಅಲ್ಲಲ್ಲೇ ಮುಗಿಯುತ್ತದೆ. ಜಿಎಕ್ಸ್ ಆದರೆ ಹಾರಿದಾಗ ಮೂತಿ ಇಳಿಸಿ ವೇಗ ಗಳಿಸಿ, ನೆಲ ಮುಟ್ಟುವ ಕ್ಷಣಕ್ಕೆ ಸಮ ಮಾಡಿ. ವೈಪ್‌ಔಟ್ ಪ್ಯೂರ್‌ನಿಂದ ಈಚಿನದಾದರೆ ಹಾರಿದಾಗ ಎಡ-ಬಲ-ಎಡ ಒತ್ತಿ ಬ್ಯಾರೆಲ್ ರೋಲ್ ಹಾಕಿ, ಸ್ವಲ್ಪ ಶೀಲ್ಡ್ ಹೋದರೂ ಇಳಿದಾಗ ಬೂಸ್ಟ್ ಸಿಗುತ್ತದೆ.

ಕೊನೆಯದು, ಮೊದಲ ತಿರುವು ಕೆಟ್ಟ ಕೂಡಲೇ ರೀಸ್ಟಾರ್ಟ್ ಒತ್ತುವ ಚಟ ಬಿಡಿ. ಆ ಚಟ ಇರುವವರಿಗೆ ಟ್ರ್ಯಾಕಿನ ಮೊದಲ ಅರ್ಧ ಬಾಯಿಪಾಠ, ಉಳಿದರ್ಧ ಅಪರಿಚಿತ. ಕೆಟ್ಟ ಸುತ್ತನ್ನೂ ಪೂರ್ತಿ ಮುಗಿಸಿ.